ಹಾಯಿದೋಣಿಯಲ್ಲಿ ಬೋಡೆನ್‌ಜೇ ದಾಟಿ ಅದೇ ದಿನ ವಾಪಸು ಬರುವುದು ಹೇಗೆ?

ಏಪ್ರಿಲ್ ಮುಗಿಯುತ್ತಿದ್ದಂತೆ ಸ್ಟುಟ್‌ಗಾರ್ಟ್, ಮ್ಯೂನಿಕ್, ಜ್ಯೂರಿಕ್ ಕಡೆಯ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇವೆ. ಬೋಡೆನ್‌ಜೇ ಸರೋವರವನ್ನು ದಾಟಿ ಅದೇ ದಿನ ವಾಪಸು ಬರಬಹುದೇ?” ಬರಬಹುದು. ಆದರೆ ಈ ಪ್ರಶ್ನೆಯಲ್ಲಿ ‘ವಾಪಸು’ ಎಂಬ ಮಾತಿನ ಮೇಲೆ ಹೆಚ್ಚು ಗಮನವಿರಲಿ. ಬೆಳಗ್ಗೆ ಆಚೆ ದಡಕ್ಕೆ ಹೋಗುವಾಗ ಕಷ್ಟಕ್ಕೆ ಸಿಕ್ಕಿಕೊಂಡವರನ್ನು ನಾನು ಕಂಡದ್ದು ಕಡಿಮೆ. ಮಧ್ಯಾಹ್ನ ಮೂರರ ಮೇಲೆ, ‘ನಾಳೆ ಆಫೀಸಿದೆ, ಹೇಗಾದರೂ ಹೋಗಿಬಿಡೋಣ’ ಎಂದು ಹೊರಟವರೇ ಹೆಚ್ಚು. ಹಾಗಾಗಿ ಈ ಬರಹದ ಅರ್ಧಭಾಗ ವಾಪಸು ಬರುವುದರ ಬಗ್ಗೆಯೇ ಇದೆ.

ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ದಡವಿರುವ ಈ ಸರೋವರದ ಉದ್ದ 63 ಕಿಲೋಮೀಟರ್, ಅತಿ ಅಗಲವಿರುವಲ್ಲಿ 14 ಕಿಲೋಮೀಟರ್, ಆಳ 250 ಮೀಟರಿಗೂ ಹೆಚ್ಚು. ತುಂಬಿದ ಕನ್ನಂಬಾಡಿಗಿಂತ ಹಲವು ಪಟ್ಟು ದೊಡ್ಡದು. ಆಲ್ಪ್ಸ್ ಪರ್ವತಗಳ ಬುಡದಲ್ಲೇ ಇರುವುದರಿಂದ ಇಲ್ಲಿನ ಹವೆ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಅದು ಬದಲಾಗುವ ಮುನ್ನ ಸೂಚನೆ ಕೊಡುವುದೇ ಹೆಚ್ಚು. ಆ ಸೂಚನೆಯನ್ನು ಓದುವುದು ನಿಮ್ಮ ಕೆಲಸ.

ನಾನಿಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಜರ್ಮನಿಯ ಫ್ರೀಡ್ರಿಷ್‌ಹಾಫನ್‌ನಿಂದ ಸ್ವಿಟ್ಜರ್‌ಲೆಂಡಿನ ರೊಮಾನ್ಸ್‌ಹಾರ್ನ್‌ಗೆ ಹೋಗಿ ಬರುವ ದಾರಿಯನ್ನು. ನೇರ ಅಂತರ ಸುಮಾರು 12 ಕಿಲೋಮೀಟರ್. ಆರೇಳು ಮೀಟರ್ ಉದ್ದದ, ಹಿಂದೆ ಸಣ್ಣ ಎಂಜಿನ್ ಇರುವ ಬಾಡಿಗೆ ದೋಣಿ ಎಂದುಕೊಳ್ಳಿ. ಹಾಯಿ ಹಿಡಿದೇ ಗೊತ್ತಿಲ್ಲದವರಿಗೆ ಈ ಬರಹವಲ್ಲ. ಅವರು ಮೊದಲು ದಡದ ಬಳಿಯೇ ಕೆಲವು ದಿನ ಅಭ್ಯಾಸ ಮಾಡಲಿ.

ಹಂತ 1: ಪರವಾನಗಿ, ಪಾಸ್‌ಪೋರ್ಟ್, ಜೊತೆಗಾರರು

ಹಾಯಿಯ ವಿಸ್ತೀರ್ಣ 12 ಚದರ ಮೀಟರ್ ಮೀರಿದರೆ, ಅಥವಾ ಎಂಜಿನ್ 4.4 ಕಿಲೋವಾಟ್ ಮೀರಿದರೆ, ಈ ಸರೋವರಕ್ಕೇ ಮೀಸಲಾದ ಪರವಾನಗಿ ಬೇಕು. ಅದನ್ನು ಇಲ್ಲಿ ಬೋಡೆನ್‌ಜೇ ಪೇಟೆಂಟ್ ಎನ್ನುತ್ತಾರೆ. ಸಮುದ್ರಕ್ಕಾಗಿಯೋ ಬೇರೆ ಸರೋವರಕ್ಕಾಗಿಯೋ ಪಡೆದ ಪರವಾನಗಿ ತನ್ನಷ್ಟಕ್ಕೇ ಇಲ್ಲಿ ನಡೆಯುವುದಿಲ್ಲ. ಅದನ್ನು ತೋರಿಸಿ ಸೀಮಿತ ಅವಧಿಯ ಅತಿಥಿ ಪರವಾನಗಿ ಪಡೆಯಲು ಅವಕಾಶವಿದೆ. ಅದನ್ನು ಮುಂಚೆಯೇ ಮಾಡಿಸಿಕೊಳ್ಳಿ. ದೋಣಿ ಕಾಯ್ದಿರಿಸುವಾಗ ‘ಸ್ವಿಸ್ ದಡಕ್ಕೆ ಹೋಗುತ್ತೇವೆ’ ಎಂದು ಬಾಯಿಬಿಟ್ಟು ಹೇಳಿ, ವಿಮೆ ಅದಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳಿ.

ಗಡಿಯಲ್ಲಿ ಗೇಟು ಇರುವುದಿಲ್ಲ, ಆದರೂ ಅದು ಗಡಿಯೇ. ಭಾರತದ ಪಾಸ್‌ಪೋರ್ಟ್ ಇರುವವರು ಪಾಸ್‌ಪೋರ್ಟನ್ನೂ ವಾಸದ ಪರವಾನಗಿ ಕಾರ್ಡನ್ನೂ ನೀರು ಹೋಗದ ಚೀಲದಲ್ಲಿ ಇಟ್ಟುಕೊಂಡೇ ಹತ್ತಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನ ಎಡವುವ ವಿಷಯ: ನಡು ಸರೋವರದಲ್ಲಿ ನಿಮ್ಮ ಮೊಬೈಲ್ ತಾನಾಗಿಯೇ ಸ್ವಿಸ್ ಜಾಲಕ್ಕೆ ಹಾರುತ್ತದೆ. ಯುರೋಪಿಯನ್ ಒಕ್ಕೂಟದ ರೋಮಿಂಗ್ ನಿಯಮ ಸ್ವಿಟ್ಜರ್‌ಲೆಂಡಿಗೆ ಅನ್ವಯಿಸುವುದಿಲ್ಲ. ನಿಮ್ಮ ಯೋಜನೆಯಲ್ಲಿ ಅದು ಸೇರಿಲ್ಲದಿದ್ದರೆ ದೊಡ್ಡ ಬಿಲ್ಲು ಬರುತ್ತದೆ, ಇಲ್ಲವೇ ಹವಾಮಾನ ನೋಡಬೇಕಾದ ಗಳಿಗೆಯಲ್ಲೇ ಡೇಟಾ ನಿಂತುಹೋಗುತ್ತದೆ. ಹೊರಡುವ ಮುನ್ನ ಸರಿಪಡಿಸಿಕೊಳ್ಳಿ.

ಜೊತೆಗಾರರು ಮೂರು ನಾಲ್ಕು ಜನ ಸಾಕು. ಅವರಲ್ಲಿ ಇಬ್ಬರಿಗಾದರೂ ಚುಕ್ಕಾಣಿ ಹಿಡಿದು ದೋಣಿಯನ್ನು ದಡ ಸೇರಿಸಲು ಬರಬೇಕು. ನೀರಿಗೆ ಬಿದ್ದವರು ನೀವೇ ಆದರೆ ದೋಣಿ ತಿರುಗಿಸುವವರು ಯಾರು ಎಂದು ಯೋಚಿಸಿ ನೋಡಿ.

ಹಂತ 2: ಗಾಳಿಗಳ ಪರಿಚಯ

ಮೊಬೈಲಿನಲ್ಲಿ ಬಿಸಿಲಿನ ಚಿತ್ರ ನೋಡಿ ಹೊರಡುವುದು ಮೊದಲ ತಪ್ಪು. ನಿಮಗೆ ಬೇಕಾದದ್ದು ಬಿಸಿಲೋ ಮಳೆಯೋ ಎಂಬುದಲ್ಲ. ಗಾಳಿ ಎಲ್ಲಿಂದ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತಿಗೆ ಎಂಬುದು. ವೇಗವನ್ನು ನಾಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಮುನ್ಸೂಚನೆಯಲ್ಲಿ ಎರಡು ಸಂಖ್ಯೆ ಇರುತ್ತವೆ: ಸರಾಸರಿ ಗಾಳಿ ಮತ್ತು ರಭಸದ ಗಾಳಿ, ಅಂದರೆ ನಡುನಡುವೆ ಹೊಡೆಯುವ ಬೀಸು. ಎರಡನೆಯದನ್ನು ನೋಡಿ ನಿರ್ಧರಿಸಿ. ಸರಾಸರಿ 10, ಬೀಸು 14 ಇದ್ದರೆ ಸೊಗಸಾದ ದಿನ. ಸರಾಸರಿ 10, ಬೀಸು 28 ಇದ್ದರೆ ಆ ದಿನ ದಡದಲ್ಲೇ ಇರಿ.

ಮೂರು ಗಾಳಿಗಳನ್ನು ಹೆಸರಿಟ್ಟು ಗುರುತಿಸಬೇಕು.

ಮೊದಲನೆಯದು ಪಶ್ಚಿಮ, ನೈಋತ್ಯದ ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ಇದೇ. ಬೇಸಿಗೆಯ ಗುಡುಗುಮಳೆಯೂ ಸಾಮಾನ್ಯವಾಗಿ ಈ ಕಡೆಯಿಂದಲೇ ಬರುತ್ತದೆ, ಅದೂ ಮಧ್ಯಾಹ್ನದ ಮೇಲೆ. ಬೆಳಗ್ಗೆ ಹತ್ತು ಗಂಟೆಗೇ ಸೆಖೆ ಹಿಡಿದು, ಪಶ್ಚಿಮದಲ್ಲಿ ಹೂಕೋಸಿನ ಹಾಗೆ ಮೋಡ ಮೇಲಕ್ಕೆ ಬೆಳೆಯುತ್ತಿದ್ದರೆ ಆ ದಿನದ ಮಧ್ಯಾಹ್ನವನ್ನು ನಂಬಬೇಡಿ.

ಎರಡನೆಯದು ಬೀಸೆ. ಈಶಾನ್ಯದಿಂದ ಬರುವ ತಣ್ಣನೆಯ ಗಾಳಿ. ಇದು ದಿನಗಟ್ಟಲೆ ಬೀಸಬಲ್ಲದು. ಫ್ರೀಡ್ರಿಷ್‌ಹಾಫನ್‌ನಲ್ಲಿ ದಡದ ಮರೆಯಿರುವುದರಿಂದ ಸೌಮ್ಯ ಎನಿಸುತ್ತದೆ. ಆಚೆ ದಡ ಮುಟ್ಟುವಷ್ಟರಲ್ಲಿ ಅಲೆ ಎದ್ದಿರುತ್ತದೆ, ವಾಪಸು ಬರುವಾಗ ಪೂರ್ತಿ ಎದುರುಗಾಳಿ.

ಮೂರನೆಯದು ಫ್ಯೋನ್. ಆಲ್ಪ್ಸ್ ದಾಟಿ, ಮೇಲಿನ ರೈನ್ ಕಣಿವೆಯೊಳಗಿಂದ ದಕ್ಷಿಣದ ಕಡೆಯಿಂದ ಇಳಿಯುವ ಬೆಚ್ಚನೆಯ ಒಣ ಗಾಳಿ. ಮೋಸ ಹೋಗುವುದು ಇದರಲ್ಲೇ. ಫ್ಯೋನ್ ದಿನ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಪರ್ವತಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದಂತೆ ಕಾಣುತ್ತವೆ, ಬಂಡೆಯ ಗೆರೆಗಳನ್ನೂ ಎಣಿಸಬಹುದು. ಫೋಟೋ ತೆಗೆಯಲು ಅಂಥ ದಿನ ಬೇರೊಂದಿಲ್ಲ. ಆದರೆ ಪೂರ್ವದ ಬ್ರೆಗೆಂಝ್, ರೋರ್ಷಾಖ್, ಲಿಂಡೌ ಕಡೆ ಅದೇ ಹೊತ್ತಿಗೆ ಬಿರುಗಾಳಿ ಎದ್ದಿರಬಹುದು, ಅದರ ಅಲೆ ನೀವಿರುವ ನಡುಭಾಗಕ್ಕೂ ಉರುಳಿ ಬರುತ್ತದೆ. ಪರ್ವತಗಳು ಅತಿ ಸ್ಪಷ್ಟವಾಗಿ ಕಂಡ ಬೆಳಗ್ಗೆ, ಮುನ್ಸೂಚನೆಯಲ್ಲಿ ಫ್ಯೋನ್ ಎಂಬ ಪದವಿದೆಯೇ ಎಂದು ಎರಡನೇ ಸಲ ನೋಡಿ.

ಇದಲ್ಲದೆ ಸರೋವರದ ಸುತ್ತ ದಡಗಳ ಮೇಲೆ ಕಿತ್ತಳೆ ಬಣ್ಣದ ಎಚ್ಚರಿಕೆ ದೀಪಗಳಿವೆ. ನಿಮಿಷಕ್ಕೆ 40 ಸಲ ಮಿನುಗಿದರೆ ‘ಬಲವಾದ ಗಾಳಿ ಬರಬಹುದು’ ಎಂದರ್ಥ: 25ರಿಂದ 33 ನಾಟ್. ನಿಮಿಷಕ್ಕೆ 90 ಸಲ ಮಿನುಗಿದರೆ ಬಿರುಗಾಳಿಯ ಎಚ್ಚರಿಕೆ: 34 ನಾಟ್ ಮತ್ತು ಮೇಲೆ, ಅಂದರೆ ಗಂಟೆಗೆ 63 ಕಿಲೋಮೀಟರಿಗಿಂತ ಹೆಚ್ಚು. ಗಡಿಯಾರ ಹಿಡಿದು ಎಣಿಸುವ ಅಗತ್ಯವಿಲ್ಲ. ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಆರಾಮವಾಗಿ ‘ಒಂದು’ ಎನ್ನಲು ಹೊತ್ತಿದ್ದರೆ ಮೊದಲನೆಯದು, ಹೇಳುವ ಮೊದಲೇ ಮತ್ತೆ ಮಿನುಗಿದರೆ ಎರಡನೆಯದು. ಎಚ್ಚರಿಕೆಯನ್ನು ಪಶ್ಚಿಮ, ಮಧ್ಯ, ಪೂರ್ವ ಎಂದು ವಲಯವಾರು ಕೊಡುತ್ತಾರೆ. ಆದ್ದರಿಂದ ದೂರದ ದೀಪವೊಂದು ಮಿನುಗುತ್ತಿದ್ದು ನಿಮ್ಮ ಹತ್ತಿರದ್ದು ಆರಿದ್ದರೆ ‘ಅದು ಕೆಟ್ಟಿದೆ’ ಎಂದುಕೊಳ್ಳಬೇಡಿ. ಗಾಳಿ ಪಕ್ಕದ ವಲಯದಲ್ಲಿದೆ, ಅಷ್ಟೆ. ನೀವು ಬಂದರಿನಲ್ಲಿರುವಾಗ ಯಾವುದೇ ಎಚ್ಚರಿಕೆ ಇದ್ದರೂ ಹೊರಡಬೇಡಿ.

ಹಂತ 3: ಹಿಂದಿನ ರಾತ್ರಿ ನಕ್ಷೆಯ ಮುಂದೆ

ರೊಮಾನ್ಸ್‌ಹಾರ್ನ್ ಇರುವುದು ಫ್ರೀಡ್ರಿಷ್‌ಹಾಫನ್‌ನ ನೈಋತ್ಯಕ್ಕೆ. ಸಾಮಾನ್ಯ ಗಾಳಿ ಬರುವುದೂ ಅಲ್ಲಿಂದಲೇ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ, ಅಂಕುಡೊಂಕಾಗಿ ಹೋಗಬೇಕು. ಇದನ್ನು ಟ್ಯಾಕ್ ಮಾಡುವುದು ಎನ್ನುತ್ತಾರೆ. ಹಾಗಾದಾಗ 12 ಕಿಲೋಮೀಟರ್ ದಾರಿ 17 ಕಿಲೋಮೀಟರ್ ಆಗುತ್ತದೆ. ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ ಎರಡೂವರೆಯಿಂದ ಮೂರು ಗಂಟೆ. ಬೇಸಿಗೆಯಲ್ಲಿ ಗಾಳಿ ಸತ್ತು ಎಲೆ ಅಲುಗದ ಹೊತ್ತುಗಳೂ ಇರುತ್ತವೆ, ಅದಕ್ಕೆ ಇನ್ನೊಂದು ಗಂಟೆ ಸೇರಿಸಿ.

ಹೀಗೆ ಲೆಕ್ಕ ಹಾಕಿ ಕಾಗದದ ಮೇಲೆ ಮೂರು ಸಮಯಗಳನ್ನು ಬರೆಯಿರಿ. ಬೆಳಗ್ಗೆ 8.30: ಹೊರಡುವುದು. 11 ಗಂಟೆ: ಅಷ್ಟರೊಳಗೆ ಅರ್ಧ ದಾರಿ ಸಾಗಿರದಿದ್ದರೆ ಹಿಂದಿರುಗುವುದು. ಮಧ್ಯಾಹ್ನ 2 ಗಂಟೆ: ಆಚೆ ದಡ ಬಿಡಲು ಕೊನೆಯ ಹೊತ್ತು. ಈ ಸಮಯಗಳನ್ನು ನೀರಿನ ಮೇಲೆ ನಿಂತು ಚರ್ಚಿಸುವಂತಿಲ್ಲ. ದಣಿದ ಮನಸ್ಸು ಯಾವಾಗಲೂ ‘ಇನ್ನೊಂದು ಹತ್ತು ನಿಮಿಷ’ ಎನ್ನುತ್ತದೆ.

ಆಸರೆಯ ಬಂದರುಗಳನ್ನೂ ಗುರುತು ಮಾಡಿ. ಜರ್ಮನಿ ಕಡೆ ಪಶ್ಚಿಮಕ್ಕೆ ಇಮೆನ್‌ಸ್ಟಾಡ್, ಪೂರ್ವಕ್ಕೆ ಲಾಂಗೆನಾರ್ಗೆನ್. ಸ್ವಿಸ್ ಕಡೆ ರೊಮಾನ್ಸ್‌ಹಾರ್ನ್‌ನ ಆಗ್ನೇಯಕ್ಕೆ ಆರ್ಬೋನ್. ದಡದಲ್ಲಿರುವ ಒಬ್ಬರಿಗೆ ಈ ಕಾಗದದ ಫೋಟೋ ಕಳುಹಿಸಿ, ‘ಇಷ್ಟು ಹೊತ್ತಿಗೆ ನಮ್ಮಿಂದ ಕರೆ ಬರದಿದ್ದರೆ 112ಕ್ಕೆ ತಿಳಿಸಿ’ ಎಂದು ಹೇಳಿಡಿ. ಆ ಸಂಖ್ಯೆ ಮೂರು ದೇಶಗಳಲ್ಲೂ ನಡೆಯುತ್ತದೆ.

ಹಂತ 4: ಹೊರಡುವ ಮುನ್ನ, ಬಂದರಿನಲ್ಲೇ

ಜೀವರಕ್ಷಕ ಜಾಕೆಟ್ ಮೊದಲು. 50 ನ್ಯೂಟನ್ ಎಂದು ಬರೆದಿರುವುದು ಈಜು ಬಲ್ಲವರಿಗೆ ತೇಲಲು ನೆರವಾಗುತ್ತದೆ, ಅಷ್ಟೆ. ಪ್ರಜ್ಞೆ ತಪ್ಪಿದವರನ್ನು ಅದು ಮುಖ ಮೇಲಾಗಿ ತಿರುಗಿಸುವುದಿಲ್ಲ. ನಡು ಸರೋವರಕ್ಕೆ 150 ನ್ಯೂಟನ್‌ನದು ಬೇಕು. ಅದು ತಾನಾಗಿ ಉಬ್ಬುವ ಬಗೆಯದಾದರೆ ಒಳಗಿನ ಅನಿಲದ ಸಣ್ಣ ಸಿಲಿಂಡರನ್ನು ಕೈಯಿಂದ ಬಿಗಿದು ನೋಡಿ. ಸಡಿಲವಾಗಿದ್ದರೆ ಜಾಕೆಟ್ ಉಬ್ಬುವುದಿಲ್ಲ. ಕಾಲುಗಳ ನಡುವಿನ ಪಟ್ಟಿಯನ್ನು ಸಂಕೋಚವಿಲ್ಲದೆ ಕಟ್ಟಿಕೊಳ್ಳಿ. ಅದಿಲ್ಲದಿದ್ದರೆ ಜಾಕೆಟ್ ಮೇಲೆ ಹೋಗುತ್ತದೆ, ನೀವು ಕೆಳಗೆ.

ನೀರಿನ ತಣ್ಣಗೆಯನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಗಾಳಿ 25 ಡಿಗ್ರಿ ಇದ್ದರೂ ನೀರು ಹೆಚ್ಚಾಗಿ 15ಕ್ಕಿಂತ ಕೆಳಗೇ. ಬಿದ್ದ ಕ್ಷಣ ಏದುಸಿರು ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಬೆರಳು ಮಡಚಲು ಆಗುವುದಿಲ್ಲ. ಒಳ್ಳೆಯ ಈಜುಗಾರರಿಗೂ ಹೀಗೇ ಆಗುತ್ತದೆ.

ಆಮೇಲೆ ರೀಫ್. ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಿ, ಗಾಳಿಗೆ ಸಿಗುವ ಬಟ್ಟೆಯನ್ನು ಕಡಿಮೆ ಮಾಡುವುದಕ್ಕೆ ಈ ಹೆಸರು. ಪ್ರತಿ ಬಾಡಿಗೆ ದೋಣಿಯಲ್ಲೂ ಇದರ ಹಗ್ಗಗಳು ಬೇರೆ ಬೇರೆ ರೀತಿ ಇರುತ್ತವೆ, ಆದ್ದರಿಂದ ಬಂದರಿನಲ್ಲೇ ಒಮ್ಮೆ ಮಾಡಿ ನೋಡಲೇಬೇಕು. ಮುಖ್ಯ ಹಾಯಿಯನ್ನು ಹಿಡಿದಿರುವ ಶೀಟ್ ಎಂಬ ಹಗ್ಗವನ್ನು ಸಡಿಲಿಸಿ, ಹಾಯಿ ಪಟಪಟ ಹೊಡೆದುಕೊಳ್ಳಲಿ. ಹಾಯಿಯನ್ನು ಕಂಬದ ಮೇಲಕ್ಕೆ ಎಳೆದಿರುವ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಬನ್ನಿ. ಹಾಯಿಯ ಮುಂದಿನ ಅಂಚಿನಲ್ಲಿ ಸುಮಾರು ಎದೆಯೆತ್ತರದಲ್ಲಿದ್ದ ಲೋಹದ ಬಳೆ ಕೆಳಗಿಳಿದು ಬೂಮಿನ ಕೊಕ್ಕೆಯ ಮಟ್ಟಕ್ಕೆ ಬರುತ್ತದೆ. ಬೂಮ್ ಎಂದರೆ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡಕಂಬ. ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ. ಮೇಲಿನ ಹಗ್ಗವನ್ನು ಮತ್ತೆ ಬಿಗಿಯಾಗಿ ಎಳೆಯಿರಿ. ಈಗ ಹಿಂದಿನ ಅಂಚಿನ ರೀಫ್ ಹಗ್ಗವನ್ನು, ಹಾಯಿಯ ಹಿಂಬದಿಯ ತೂತು ಬೂಮಿಗೆ ತಾಗುವವರೆಗೆ ಎಳೆದು ಕಟ್ಟಿ. ಈ ಕೊನೆಯ ಎಳೆತವನ್ನು ಅರೆಬರೆ ಮಾಡಿದರೆ ಹಾಯಿ ಜೋಳಿಗೆಯಂತೆ ಉಬ್ಬಿ ಮೊದಲಿಗಿಂತ ಹೆಚ್ಚು ವಾಲಿಸುತ್ತದೆ. ಬಂದರಿನಲ್ಲಿ ಇದಕ್ಕೆ ಮೂರು ನಿಮಿಷ. ಅಭ್ಯಾಸವಿಲ್ಲದೆ ಅಲೆಗಳ ನಡುವೆ ಹದಿನೈದು ನಿಮಿಷವಾದರೂ ಮುಗಿಯದು.

ಎಂಜಿನನ್ನು ಒಮ್ಮೆ ಚಾಲೂ ಮಾಡಿ, ಇಂಧನ ನೋಡಿ. ಲಂಗರು, ಸೀಟಿ ಅಥವಾ ಹಾರ್ನ್, ನೀರು ಎತ್ತಿ ಚೆಲ್ಲಲು ಬಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಳೆಯಂಗಿ, ಒಂದು ಜೊತೆ ಒಣಬಟ್ಟೆ ಇರಲಿ. ಊಟಕ್ಕೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಒಳ್ಳೆಯದು. ಚಪಾತಿ ಸುರುಳಿಯಾದರೆ ಒಂದು ಕೈ ಹಗ್ಗದ ಮೇಲಿರಬಹುದು, ಮೊಸರನ್ನದ ಡಬ್ಬಿ ಎರಡೂ ಕೈ ಬೇಡುತ್ತದೆ. ಹೊಟ್ಟೆ ತೊಳಸುವವರಿಗೆ ಹಸಿಶುಂಠಿಯ ಚೂರು ಕೊಟ್ಟು, ದೂರದ ದಡ ನೋಡುತ್ತಿರಲು ಹೇಳಿ.

ಹಂತ 5: ಸಾಗುವಾಗ

ದಡದಿಂದ 300 ಮೀಟರ್ ವಲಯದಲ್ಲಿ ಎಂಜಿನ್ ವೇಗ ಗಂಟೆಗೆ 10 ಕಿಲೋಮೀಟರ್ ಮೀರಬಾರದು. ಅದನ್ನು ದಾಟಿ, ಸುತ್ತ ಜಾಗವಿರುವಲ್ಲಿ ಹಾಯಿ ಏರಿಸಿ.

ನಿಮ್ಮ ದಾರಿಯಲ್ಲೇ ಕಾರುಗಳನ್ನು ಸಾಗಿಸುವ ದೊಡ್ಡ ಫೆರಿ ಹಡಗುಗಳು ದಿನವಿಡೀ ಓಡಾಡುತ್ತವೆ. ‘ಎಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು’ ಎಂಬ ಪಾಠ ಇವುಗಳ ಮುಂದೆ ನಡೆಯುವುದಿಲ್ಲ. ಹಗಲಿನಲ್ಲಿ ಹಸಿರು ಚೆಂಡು ತೂಗುಹಾಕಿರುವ ಹಡಗಿಗೆ ಎಲ್ಲರೂ ದಾರಿ ಬಿಡಬೇಕು, ನೀವೂ. ಫೆರಿ 12 ಕಿಲೋಮೀಟರನ್ನು ಸುಮಾರು 40 ನಿಮಿಷದಲ್ಲಿ ದಾಟುತ್ತದೆ. ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಂಡದ್ದು ನೀವು ನೀರು ಕುಡಿದು ಬಾಟಲಿ ಮುಚ್ಚುವಷ್ಟರಲ್ಲಿ ಮನೆಯಷ್ಟಾಗಿರುತ್ತದೆ. ಅದರ ಮುಂದೆ ದಾಟಲು ನೋಡದೆ ಬೇಗನೆ ತಿರುಗಿ ಹಿಂದಿನಿಂದ ಹೋಗಿ. ಫೆರಿಯ ದಾರಿಯಿಂದ ಒಂದು ಕಿಲೋಮೀಟರ್ ಪಕ್ಕಕ್ಕಿದ್ದುಕೊಂಡು ಸಾಗುವುದು ಇನ್ನೂ ಒಳ್ಳೆಯದು.

ಕಾಲು ಗಂಟೆಗೊಮ್ಮೆ ಎಲ್ಲರೂ ಒಂದು ಸುತ್ತು ನೋಡಬೇಕು: ಪಶ್ಚಿಮದ ಆಕಾಶ, ಕಿತ್ತಳೆ ದೀಪ, ದೂರದ ನೀರಿನ ಬಣ್ಣ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ ಹತ್ತು ನಾಟ್ ಆಸುಪಾಸು. ಎಲ್ಲೆಡೆ ಬಿಳಿ ನೊರೆಯಾದರೆ ಹದಿನೈದು ದಾಟುತ್ತಿದೆ. ‘ರೀಫ್ ಹಾಕೋಣವೇ’ ಎಂದು ಯಾರ ಬಾಯಿಂದಲಾದರೂ ಬಂದ ಕೂಡಲೇ ಹಾಕಿಬಿಡಿ, ವಾದ ಬೇಡ. ಬಿಚ್ಚುವುದು ಸುಲಭ.

ಹಂತ 6: ಆಚೆ ದಡದಲ್ಲಿ, ಅರ್ಧ ಗಂಟೆಯ ನಿರ್ಧಾರ

ರೊಮಾನ್ಸ್‌ಹಾರ್ನ್ ಬಂದರು ದೊಡ್ಡದು. ಅತಿಥಿ ದೋಣಿಗಳ ಜಾಗದಲ್ಲಿ ಕಟ್ಟಿ, ಬಂದರಿನ ಶುಲ್ಕ ಕೊಡಿ. ಊಟಕ್ಕೆ ಕೂರುವ ಮೊದಲು ಹೊಸ ಮುನ್ಸೂಚನೆ ನೋಡಿ. ಬೆಳಗ್ಗೆ ನೋಡಿದ್ದು ಈಗ ಹಳೆಯದು.

ಗುಡುಗಿನ ಸೂಚನೆ ಇದ್ದರೆ, ದೀಪ ಮಿನುಗುತ್ತಿದ್ದರೆ, ಅಥವಾ ಜೊತೆಗಾರರಲ್ಲಿ ಒಬ್ಬರು ದಣಿದು ಮಾತು ಕಡಿಮೆ ಮಾಡಿದ್ದರೆ, ದೋಣಿಯನ್ನು ಅಲ್ಲೇ ಬಿಟ್ಟು ಫೆರಿ ಹತ್ತಿ ಫ್ರೀಡ್ರಿಷ್‌ಹಾಫನ್‌ಗೆ ಬನ್ನಿ. ನಾನು ಈ ದಾರಿಯನ್ನೇ ಎಲ್ಲರಿಗೂ ಸೂಚಿಸುವುದು ಈ ಒಂದು ಕಾರಣಕ್ಕೆ. ಮನೆಗೆ ಮರಳುವುದು ಹಾಯಿಯನ್ನು ಅವಲಂಬಿಸಿಲ್ಲ. ಬಾಡಿಗೆ ಕೊಟ್ಟವರಿಗೆ ಕರೆ ಮಾಡಿ ವಿಷಯ ತಿಳಿಸಿ. ದೋಣಿ ಒಂದು ರಾತ್ರಿ ಬೇರೆ ಬಂದರಿನಲ್ಲಿ ಉಳಿದರೆ ಹೆಚ್ಚಿನ ಬಾಡಿಗೆ ಬೀಳಬಹುದು, ಬೀಳಲಿ. ಹೀಗೆ ದೋಣಿ ಬಿಟ್ಟು ಬರಬಹುದೇ ಎಂಬುದನ್ನೂ ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂಬುದನ್ನೂ ಹಿಂದಿನ ದಿನವೇ ಕೇಳಿಟ್ಟುಕೊಂಡಿದ್ದರೆ ನಿರ್ಧಾರ ಹಗುರವಾಗುತ್ತದೆ. ಸಂಜೆ ಆರರೊಳಗೆ ದೋಣಿ ಒಪ್ಪಿಸಬೇಕೆಂಬ ಷರತ್ತಿಗೆ ಹೆದರಿ ನಾನೂ ಒಮ್ಮೆ ಕಪ್ಪು ಮೋಡದ ಕೆಳಗೆ ಹೊರಟಿದ್ದೆ. ದೋಣಿ ಸಮಯಕ್ಕೆ ಸರಿಯಾಗಿ ಮುಟ್ಟಿತು. ಜೊತೆಗಿದ್ದ ಗೆಳೆಯ ಆಮೇಲೆ ಎಂದೂ ನೀರಿಗಿಳಿಯಲಿಲ್ಲ.

ಹಂತ 7: ವಾಪಸು, ಗಾಳಿ ಬೆನ್ನಿಗಿದ್ದಾಗ

ನೈಋತ್ಯದ ಗಾಳಿಯಾದರೆ ಬರುವಾಗ ಅದು ಹಿಂದಿನಿಂದ ತಳ್ಳುತ್ತದೆ. ಹೋಗುವಾಗಿನ ಚಳಿ, ಸಿಂಚನ ಎಲ್ಲ ಮಾಯವಾಗಿ ಸುಖವೆನಿಸುತ್ತದೆ. ಎಚ್ಚರ ಬೇಕಿರುವುದು ಇಲ್ಲೇ. ಗಾಳಿ 15 ನಾಟ್ ಇದ್ದು ದೋಣಿ ಅದೇ ದಿಕ್ಕಿಗೆ 5 ನಾಟ್ ಓಡುತ್ತಿದ್ದರೆ ನಿಮ್ಮ ಕೆನ್ನೆಗೆ ತಾಗುವುದು 10 ಮಾತ್ರ. ಗಾಳಿ ಬಲಗೊಳ್ಳುತ್ತಿರುವುದು ಮೈಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಹಿಂದಿರುಗಿ ಅಲೆಗಳ ನೊರೆ ನೋಡಿ. ಸಂಶಯವಿದ್ದರೆ ಬಂದರು ಬಿಡುವ ಮೊದಲೇ ರೀಫ್ ಹಾಕಿ ಹೊರಡಿ.

ಎರಡನೆಯ ಅಪಾಯ ಜೈಬ್. ಹಿಂದಿನಿಂದ ಬರುವ ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಸಿಕ್ಕಿದರೆ ಬೂಮ್ ಒಂದೇ ಏಟಿಗೆ ದೋಣಿಯ ಆ ಬದಿಯಿಂದ ಈ ಬದಿಗೆ ಬೀಸಿ ಬರುತ್ತದೆ. ಅದು ತಲೆಯೆತ್ತರದಲ್ಲೇ ಇರುತ್ತದೆ. ನೇರ ಬೆನ್ನಗಾಳಿಯಲ್ಲಿ ಓಡಿಸದೆ ಸ್ವಲ್ಪ ಓರೆಯಾಗಿ ಸಾಗಿ, ಬೂಮಿನ ದಾರಿಯಲ್ಲಿ ಯಾರೂ ನಿಲ್ಲದಿರಲಿ. ಫೋಟೋಕ್ಕಾಗಿ ಎದ್ದು ನಿಲ್ಲುವುದು ಈ ಹೊತ್ತಿನಲ್ಲಿ ಬೇಡ.

ಹಂತ 8: ಬಿರುಗಾಳಿ ನಡುನೀರಿನಲ್ಲೇ ಹಿಡಿದರೆ

ಗುಡುಗುಮಳೆಗೆ ಮುನ್ನ ಗಾಳಿ ಒಮ್ಮೆಗೇ ನಿಲ್ಲುವುದುಂಟು. ನೀರು ಎಣ್ಣೆ ಸುರಿದಂತೆ ನುಣ್ಣಗಾಗುತ್ತದೆ. ಆ ಹೊತ್ತನ್ನು ವಿಶ್ರಾಂತಿಗೆ ಕಳೆಯಬೇಡಿ. ಎರಡೂ ಹಾಯಿಗಳನ್ನು ಪೂರ್ತಿ ಇಳಿಸಿ, ಬಿಗಿದು ಕಟ್ಟಿ. ಎಂಜಿನ್ ಚಾಲೂ ಮಾಡುವ ಮೊದಲು ಯಾವ ಹಗ್ಗವೂ ನೀರಿನಲ್ಲಿ ತೇಲುತ್ತಿಲ್ಲ ಎಂದು ನೋಡಿ, ಇಲ್ಲದಿದ್ದರೆ ಅದು ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಎಲ್ಲರೂ ಕೆಳಗೆ ಕುಳಿತುಕೊಳ್ಳಲಿ, ಹಾಯಿಕಂಬವನ್ನೂ ಅದರ ಲೋಹದ ತಂತಿಗಳನ್ನೂ ಮುಟ್ಟದಿರಲಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಅಂತರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬಿರುಗಾಳಿ ಬರುವ ಮೊದಲೇ ಬಂದರಿನ ಒಳಗೆ ಸೇರಬಲ್ಲಿರಾದರೆ ಹೋಗಿ. ಆಗದಿದ್ದರೆ ದಡದ ಕಡೆ ಓಡಬೇಡಿ. ಇದು ಮನಸ್ಸು ಒಪ್ಪದ ಮಾತು, ಆದರೆ ಪೂರ್ತಿ ನಿಜ. ಗಾಳಿ ತಳ್ಳುತ್ತಿರುವ ದಡ ಅತ್ಯಂತ ಅಪಾಯದ ಜಾಗ. ಬಂದರಿನ ಕಲ್ಲುಗೋಡೆಗೆ ಬಡಿದ ಅಲೆ ಹಿಂದಿರುಗಿ ಬರುವ ಅಲೆಗೆ ಸೇರಿ ಕುದಿಯುವಲ್ಲಿ ಚುಕ್ಕಾಣಿ ಮಾತು ಕೇಳುವುದಿಲ್ಲ. ನಡುನೀರಿನಲ್ಲೇ ದೋಣಿಯ ಮುಂದಿನ ತುದಿಯನ್ನು ಗಾಳಿಗೆ ತುಸು ಓರೆಯಾಗಿ ಹಿಡಿದು, ನಿಧಾನವಾದ ಎಂಜಿನ್ ವೇಗದಲ್ಲಿ ಕಾಯಿರಿ. ಬೇಸಿಗೆಯ ಇಂಥ ಬಿರುಸು ಬಹಳ ಸಲ ಅರ್ಧ ಗಂಟೆಯೊಳಗೆ ತಗ್ಗುತ್ತದೆ.

ಯಾರಾದರೂ ನೀರಿಗೆ ಬಿದ್ದರೆ ಒಬ್ಬರ ಕೆಲಸ ಒಂದೇ: ಬಿದ್ದವರ ಕಡೆ ಕೈ ಚಾಚಿ, ಕಣ್ಣು ಕೀಳದೆ ನೋಡುತ್ತಿರುವುದು. ಅಲೆಗಳ ನಡುವೆ ತಲೆಯೊಂದು ತೆಂಗಿನಕಾಯಿಯಷ್ಟೇ, ಒಮ್ಮೆ ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಇನ್ನೊಬ್ಬರು ತೇಲುವ ಏನನ್ನಾದರೂ ಎಸೆಯಲಿ. ಹತ್ತಿರ ಬಂದಾಗ ಎಂಜಿನನ್ನು ನ್ಯೂಟ್ರಲ್‌ಗೆ ಹಾಕಿ. ನೆರವು ಬೇಕಿದ್ದರೆ 112. ಸಮೀಪದ ದೋಣಿಗಳಿಗೆ ತಿಳಿಸಲು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಸುಮ್ಮನೆ ಕೈ ಬೀಸಿದರೆ ಅವರೂ ನಗುತ್ತ ಕೈ ಬೀಸಿ ಹೋಗುತ್ತಾರೆ.

ಹಂತ 9: ದೋಣಿ ಕಟ್ಟಿದ ಮೇಲೆ

ಹಗ್ಗಗಳನ್ನು ಸುತ್ತಿಟ್ಟು, ಒದ್ದೆ ಹಾಯಿಯನ್ನು ಒಣಗಿಸಿ ಮಡಚಿ. ದಿನದ ಕಸವನ್ನೆಲ್ಲ ದಡಕ್ಕೆ ತನ್ನಿ, ಇಂಧನದ ಹನಿಯೂ ನೀರಿಗೆ ಬೀಳದಿರಲಿ. ಸ್ಟುಟ್‌ಗಾರ್ಟ್ ಸೇರಿದಂತೆ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದ ಸುಮಾರು 40 ಲಕ್ಷ ಜನರಿಗೆ ಕುಡಿಯುವ ನೀರು ಹೋಗುವುದು ಈ ಸರೋವರದಿಂದ. ನಿಮ್ಮಲ್ಲಿ ಹಲವರ ಮನೆಯ ನಲ್ಲಿಯಲ್ಲೂ ಅದೇ.

ಬಾಡಿಗೆಯವರಿಗೆ ದೋಣಿ ಒಪ್ಪಿಸುವ ಮೊದಲೇ, ಹಿಂದಿನ ರಾತ್ರಿ ಕಾಗದದ ಫೋಟೋ ಕಳುಹಿಸಿದ್ದವರಿಗೆ ಕರೆ ಮಾಡಿ ‘ತಲುಪಿದೆವು’ ಎಂದು ಹೇಳಿ. ಸಂದೇಶ ಸಾಲದು, ಅವರ ದನಿ ನಿಮ್ಮ ಕಿವಿಗೆ ಬೀಳಬೇಕು. ನೀವು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರುವಾಗ ರಕ್ಷಣಾ ದೋಣಿಯೊಂದು ನಿಮ್ಮನ್ನು ಹುಡುಕಿಕೊಂಡು ಕತ್ತಲ ನೀರಿಗೆ ಇಳಿಯಬಾರದು.